ಉದ್ರಿಯ ಬೆಲೆ, ಕಾರ್ಡಿನ ಬೆಲೆ



ಕಳೆದ ಮುಂಗಾರಿನಲ್ಲಿ ವೀರನಹೊಸಹಳ್ಳಿಯ ಕಡೆ ಕಾಡಂಚಿನ ಒಂದು ಮುಸುಕಿನ ಜೋಳದ ಹೊಲ ನೋಡಲು ಹೋಗಿದ್ದೆ. ಎರಡು ಎಕರೆ, ಇಪ್ಪತ್ತೈದು ದಿನದ ಪೈರು. ಸುಳಿಯ ತುಂಬ ಸೈನಿಕ ಹುಳುವಿನ ಹಿಕ್ಕೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಈ ಹುಳು ಈಗ ನಮ್ಮ ಸೀಮೆಗೆ ಹೊಸದಲ್ಲ. ಎಮಾಮೆಕ್ಟಿನ್ ಬೆಂಜೊಯೇಟ್ ಶೇ. 5ರ ಔಷಧಿಯನ್ನು ಲೀಟರ್ ನೀರಿಗೆ 0.4 ಗ್ರಾಂ ಬೆರೆಸಿ, ಸುಳಿಯೊಳಗೆ ಇಳಿಯುವಂತೆ ಸಿಂಪಡಿಸಿ ಎಂದು ಚೀಟಿ ಬರೆದುಕೊಟ್ಟು ಬಂದೆ. ಎಕರೆಗೆ 200 ಲೀಟರ್ ದ್ರಾವಣವಾದರೆ 80 ಗ್ರಾಂ ಔಷಧಿ ಸಾಕು.

ಹತ್ತು ದಿನ ಬಿಟ್ಟು ಹೋದರೆ ಹುಳು ಇನ್ನಷ್ಟು ಬಲಿತಿತ್ತು. ಬದುವಿನ ಮೇಲೆ ಮೂರು ಖಾಲಿ ಸೀಸೆಗಳು: ಒಂದು ಬೇರೆಯದೇ ಕೀಟನಾಶಕ, ಒಂದು ರೋಗಕ್ಕೆ ಹೊಡೆಯುವ ಔಷಧಿ, ಇನ್ನೊಂದು ಟಾನಿಕ್. ನಾನು ಬರೆದ ಚೀಟಿ ಅವರ ಜೇಬಿನಲ್ಲಿಯೇ ಇತ್ತು. ಏಕೆ ಹೀಗಾಯಿತೆಂದು ಕೇಳಿದೆ. "ಅಂಗಡಿಯವರು ಇದೇ ಒಳ್ಳೇದು ಅಂದ್ರು ಸಾರ್. ಪುಸ್ತಕದಲ್ಲಿ ಬರೆಸೋನು ನಾನು. ಅದು ಬೇಡ ಇದು ಕೊಡಿ ಅನ್ನೋಕಾಯ್ತದಾ?" ಎಂದರು.

ಸಾಲದ ವಿಚಾರ ಬ್ಯಾಂಕಿನವರಿಗೆ ಸೇರಿದ್ದು, ನನ್ನದು ಬೀಜ, ಗೊಬ್ಬರ, ಹುಳದ ವಿಚಾರ ಎಂದು ಇಷ್ಟು ವರ್ಷ ನಾನು ತಿಳಿದಿದ್ದೆ. ಆ ಮಾತು ಕೇಳಿದ ಮೇಲೆ ಹಾಗೆ ತಿಳಿಯಲು ಆಗಲಿಲ್ಲ. ಉದ್ರಿ ಪುಸ್ತಕವು ಬಡ್ಡಿಯನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ, ಬೇಡವೆನ್ನುವ ಬಾಯನ್ನೂ ತೆಗೆದುಕೊಳ್ಳುತ್ತದೆ.

ಮೊದಲು ಬಡ್ಡಿಯ ಲೆಕ್ಕ ನೋಡೋಣ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಖರ್ಚೆಲ್ಲ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ. ಹಣದ ಮುಖ ಕಾಣುವುದು ಜೋಳ ಮುರಿದ ಮೇಲೆ, ಇಲ್ಲವೇ ಹೊಗೆಸೊಪ್ಪಿನ ಹರಾಜು ಆರಂಭವಾದ ಮೇಲೆ. ನಡುವಿನ ತಿಂಗಳುಗಳಿಗೆ ಅಂಗಡಿಯೇ ಆಸರೆ. ನಗದಿಗೆ 1,000 ರೂಪಾಯಿಯ ಸಾಮಾನು ಉದ್ರಿಗೆ 1,100 ಎಂದು ಬರೆದರೆ, ನೂರು ರೂಪಾಯಿ ತಾನೇ ಎನ್ನಿಸುತ್ತದೆ. ನಾಲ್ಕು ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ ನೂರಕ್ಕೆ ಮೂವತ್ತು! ಅದೇ ಸಾವಿರವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಖಾತೆಯಿಂದ ಶೇ. 7ರ ದರದಲ್ಲಿ ತೆಗೆದಿದ್ದರೆ ನಾಲ್ಕು ತಿಂಗಳಿಗೆ ಬಡ್ಡಿ ಸುಮಾರು 23 ರೂಪಾಯಿ. ಗಡುವಿನೊಳಗೆ ಕಟ್ಟಿದವರಿಗೆ ಇನ್ನೂ ಶೇ. 3ರ ರಿಯಾಯಿತಿಯಿದೆ. ಆಗ 13 ರೂಪಾಯಿಯ ಆಸುಪಾಸು.

ಇನ್ನೊಂದು ಸಂಗತಿ. ಯೂರಿಯಾ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ, ಡಿ.ಎ.ಪಿ. ಚೀಲಕ್ಕೆ 1,350 ರೂಪಾಯಿ. ಚೀಲದ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಲು ನಗದಿಗೂ ಅವಕಾಶವಿಲ್ಲ, ಉದ್ರಿಗೂ ಇಲ್ಲ. ಬೆರಳೊತ್ತಿ ಗೊಬ್ಬರ ಪಡೆದಾಗ ಯಂತ್ರದಿಂದ ಬರುವ ರಸೀದಿಯನ್ನು ಕೇಳಿ ಪಡೆಯಿರಿ.

ಕಿಸಾನ್ ಕ್ರೆಡಿಟ್ ಕಾರ್ಡು 1998ರಲ್ಲಿ ಬಂದದ್ದು. ರುಪೇ ಕಾರ್ಡಾದ ಮೇಲೆ ಅದನ್ನು ಎ.ಟಿ.ಎಂ.ನಲ್ಲಿಯೂ, ಯಂತ್ರವಿರುವ ಅಂಗಡಿಯಲ್ಲಿಯೂ ಬಳಸಬಹುದು. ಅಂದರೆ ಕೈಯಲ್ಲಿ ಕಾಸಿಲ್ಲದ ಜೂನ್ ತಿಂಗಳಲ್ಲಿಯೂ ನೀವು ನಗದು ಗಿರಾಕಿಯಾಗಿ ಅಂಗಡಿಯ ಮೆಟ್ಟಿಲು ಹತ್ತಬಹುದು. ಚೀಟಿಯಲ್ಲಿರುವುದನ್ನೇ ಕೊಡಿ, ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ ಎನ್ನಬಹುದು. ಬಡ್ಡಿಯ ಉಳಿತಾಯಕ್ಕಿಂತ ಇದು ದೊಡ್ಡ ಲಾಭವೆಂದು ನನ್ನ ಎಣಿಕೆ.

ಆದರೆ ಈ ಕಾರ್ಡು ನೋಡಲು ಉಳಿತಾಯ ಖಾತೆಯ ಕಾರ್ಡಿನಂತೆಯೇ ಇರುತ್ತದೆ. ಅಪಾಯವಿರುವುದು ಅಲ್ಲಿಯೇ. ಎ.ಟಿ.ಎಂ.ನಿಂದ ಈಚೆಗೆ ಬಂದ ನೋಟು ನಿಮ್ಮ ದುಡ್ಡಲ್ಲ, ಸಾಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗೆಂದು ಮನೆಖರ್ಚಿಗೆ ಇದರಲ್ಲಿ ಜಾಗವೇ ಇಲ್ಲವೆಂದಲ್ಲ. ಬೆಳೆಯ ಖರ್ಚೆಂದು 1,00,000 ರೂಪಾಯಿ ನಿಗದಿಯಾದರೆ, ಕೊಯ್ಲಿನ ನಂತರದ ಖರ್ಚು ಮತ್ತು ಮನೆವಾರ್ತೆಗೆಂದು ಅದರ ಶೇ. 10, ಅಂದರೆ 10,000, ಪಂಪು, ಉಪಕರಣಗಳ ರಿಪೇರಿಗೆ ಶೇ. 20, ಅಂದರೆ 20,000, ಮಿತಿಯಲ್ಲಿ ಸೇರುತ್ತದೆ. ಇಡೀ ವರ್ಷದ ಮನೆಖರ್ಚಿಗೆ ಹತ್ತು ಸಾವಿರ. ಅದನ್ನು ಒಂದು ಜಾತ್ರೆಗೆ ಮುಗಿಸಿ, ಗೊಬ್ಬರದ ಹಣಕ್ಕೆ ಕೈಹಾಕಿದವರು ಆಗಸ್ಟ್‌ನಲ್ಲಿ ಮತ್ತೆ ಉದ್ರಿ ಪುಸ್ತಕದ ಮುಂದೆಯೇ ನಿಲ್ಲುತ್ತಾರೆ. ಗಡುವಿನ ದಿನ ಕೈಸಾಲ ತಂದು ಕಟ್ಟಿ, ಹೊಸ ಸಾಲ ತೆಗೆದು ಕೈಸಾಲಕ್ಕೆ ಕೊಡುವ ಪದ್ಧತಿಯೂ ಇದೆ. ಅದಕ್ಕೆ ಕೊಡುವ ಕಮಿಷನ್ನಿನಲ್ಲಿ ಶೇ. 3ರ ರಿಯಾಯಿತಿ ಕೊಚ್ಚಿಹೋಗುತ್ತದೆ.

ಈಗ ಮಕ್ಕಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಕೂಡಲೇ ಬೇರೆ ಬಗೆಯ ಕ್ರೆಡಿಟ್ ಕಾರ್ಡು ಮನೆಗೆ ಬರುತ್ತಿದೆ. ಗಡುವಿನೊಳಗೆ ಪೂರ್ತಿ ಬಿಲ್ಲು ಕಟ್ಟಿದರೆ ಅದರಲ್ಲಿ ಖರೀದಿಗೆ ಬಡ್ಡಿಯಿಲ್ಲ, ನಿಜ. "ಕನಿಷ್ಠ ಪಾವತಿ" ಎಂಬ ಸಾಲಿನಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ, ಅದೂ ಪದವಿ ಓದಿದವನು. ಬಾಕಿ 30,000 ಇದ್ದು ತಿಂಗಳಿಗೆ ಶೇ. 3.5 ಬಡ್ಡಿಯಾದರೆ 1,050 ರೂಪಾಯಿ. ಅದರ ಮೇಲೆ ಶೇ. 18 ತೆರಿಗೆ 189. ಕನಿಷ್ಠವೆಂದು 1,500 ಕಟ್ಟಿದರೆ ಅಸಲಿಗೆ ಹೋಗುವುದು 261 ರೂಪಾಯಿ ಮಾತ್ರ. ಆ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡ. ಶುಲ್ಕವೂ ಬೀಳುತ್ತದೆ, ಮೊದಲ ದಿನದಿಂದ ಬಡ್ಡಿಯೂ ಬೀಳುತ್ತದೆ.

ಹಾಗಾದರೆ ಉಪ್ಪು, ಎಣ್ಣೆ, ಸೋಪು, ಮಕ್ಕಳ ಪುಸ್ತಕಕ್ಕೆ ಏನು ಮಾಡಬೇಕು? ಡೇರಿಗೆ ಹಾಲು ಹಾಕುವ ಮನೆಯಾದರೆ ಬಟವಾಡೆಯ ಹಣವನ್ನು ಅದಕ್ಕೇ ಮೀಸಲಿಡಿ, ನಗದು ಕೊಟ್ಟು ತನ್ನಿ. ಈ ಲೆಕ್ಕ ಹೆಣ್ಣುಮಕ್ಕಳ ಕೈಯಲ್ಲಿರುವ ಮನೆಗಳಲ್ಲಿ ದಿನಸಿ ಅಂಗಡಿಯ ಬಾಕಿ ಕಡಿಮೆ ಇರುವುದನ್ನು ನಾನು ಕಂಡಿದ್ದೇನೆ. ಫೋನಿನಲ್ಲಿ ಹಣ ಕಳಿಸುವುದೂ ನಗದೇ. ಎಣಿಸಿ ಕೊಟ್ಟ ನೋವು ಮಾತ್ರ ಅದರಲ್ಲಿ ಇರುವುದಿಲ್ಲ.

ಅಂಗಡಿಯವರನ್ನೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆನೆ ಹೊಕ್ಕು ಬೆಳೆ ತುಳಿದ ವರ್ಷ ಬಾಕಿಗೆ ಕಾದವರು, ರಾತ್ರಿ ಆಸ್ಪತ್ರೆಗೆ ಹಣ ಕೊಟ್ಟವರು ಅವರಲ್ಲಿಯೇ ಇದ್ದಾರೆ. ಬ್ಯಾಂಕು ರಾತ್ರಿ ಬಾಗಿಲು ತೆರೆಯುವುದಿಲ್ಲ. ಇಂತಹ ಸಾಲದಿಂದ ರೈತನನ್ನು ಬಿಡಿಸಲೆಂದೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಇಂದು ಕೃಷಿ ಪತ್ತಿನ ಸಂಘಗಳಲ್ಲಿ, ಗಡುವು ತಪ್ಪದವರಿಗೆ ಬಡ್ಡಿಯಿಲ್ಲದ ಬೆಳೆಸಾಲವೇ ಇದೆ.

ಆ ಜೋಳದ ಹೊಲದವರನ್ನೂ ಕೇಳಿದೆ, ಕಾರ್ಡು ಏಕೆ ಮಾಡಿಸಲಿಲ್ಲವೆಂದು. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ! ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ ಕೂರದೆ ಏಳು ವರ್ಷವಾಗಿತ್ತು. ನಿಮ್ಮ ಮನೆಯಲ್ಲಿಯೂ ಹೀಗಿದ್ದರೆ ಬ್ಯಾಂಕಿಗೆ ಹೋಗುವ ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ. ಅವರು ಈಗ ಕೊಟ್ಟಿದ್ದಾರೆ. ಅಂಗಡಿಯ ಹಳೆ ಬಾಕಿ ಇನ್ನೂ ಅರ್ಧ ಉಳಿದಿದೆ. ಈ ಸಲ ಔಷಧಿಯನ್ನು ಮಾತ್ರ ಹಾಲಿನ ದುಡ್ಡು ಕೂಡಿಟ್ಟು ಹುಣಸೂರಿನಿಂದ ತಂದರು, ಚೀಟಿ ತೋರಿಸಿ.