ಕಡತದ ಊರು, ಕಂಡ ಊರು

ಸಂಸ್ಕೃತಿಯೆಂಬುದು ಹಳ್ಳಿಗರಲ್ಲಿಯೂ ಕಾಡಿನ ಜನರಲ್ಲಿಯೂ ಮಾತ್ರ ಇರತಕ್ಕ ವಸ್ತು, ವಿದ್ಯಾವಂತರಾದ ನಗರವಾಸಿಗಳಿಗೆ ಇರುವುದು ಕೇವಲ ವಿಚಾರ ಮತ್ತು ಸೌಕರ್ಯ ಎಂಬ ಭಾವನೆಯು ನಮ್ಮ ಸುಶಿಕ್ಷಿತ ವರ್ಗದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ಅರಿಯಬಯಸುವವರು ಬೆಂಗಳೂರಿನ ತಣಿಸಂದ್ರದ ಮುಖ್ಯರಸ್ತೆಯಂಥ ಸ್ಥಳದಲ್ಲಿ ಊರಹಬ್ಬದ ಸಂಜೆ ಒಂದು ಗಳಿಗೆ ನಿಂತರೆ ಸಾಕು. ಮುಂದೆ ತಮಟೆ ಮತ್ತು ಪಲ್ಲಕ್ಕಿ; ಹಿಂದೆ ಅಲುಗಾಡದೆ ನಿಂತ ಕಾರುಗಳ ಸಾಲು. ಒಳಗೆ ಕುಳಿತವರು ಹೊರಗಿನವರನ್ನು ಮೂಢರೆಂದೂ, ಹೊರಗಿನವರು ಒಳಗಿನವರನ್ನು ನೆಲೆಗೆಟ್ಟ ಪರದೇಶಿಗಳೆಂದೂ ಏಕಕಾಲದಲ್ಲಿ ತೀರ್ಮಾನಿಸಿಬಿಡುತ್ತಾರೆ. ತನ್ನ ರೂಢಿಯನ್ನೇ ಸಹಜಧರ್ಮವೆಂದು ಬಗೆದು ಪರರ ರೂಢಿಯನ್ನು ಅದರಿಂದ ಅಳೆಯುವ ಈ ಪ್ರವೃತ್ತಿಗೆ ಮಾನವಶಾಸ್ತ್ರವು ಸ್ವಸಂಸ್ಕೃತಿಕೇಂದ್ರಿತ ದೃಷ್ಟಿಯೆಂದು ಹೆಸರಿಟ್ಟು ಬಹುಕಾಲವಾಯಿತು. ಆ ಶಾಸ್ತ್ರದ ಮೊದಲ ಪಾಠವೇ ಅದು. ಪಾಠ ಮಾತ್ರ ನಮ್ಮ ಬೀದಿಗೆ ಇಳಿದಿಲ್ಲ.

ಕಡತಗಳಲ್ಲಿ ತಣಿಸಂದ್ರವು ಬೆಂಗಳೂರು ಪೂರ್ವ ತಾಲ್ಲೂಕು ಕೃಷ್ಣರಾಜಪುರ ಹೋಬಳಿಗೆ ಸೇರಿದ ಒಂದು ಗ್ರಾಮ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗಾಗಿ 2003ರಲ್ಲಿ ಪ್ರಾಥಮಿಕ ಅಧಿಸೂಚನೆಯನ್ನೂ 2004ರಲ್ಲಿ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿದಾಗ, ಹೆಸರಿಸಲ್ಪಟ್ಟ 16 ಗ್ರಾಮಗಳಲ್ಲಿ ಇದೂ ಒಂದಾಗಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದ ಮೇಲೆ ವಾರ್ಡಾಯಿತು. ಸರ್ವೆ ನಂಬರು, ಖಾತೆ, ವಾರ್ಡಿನ ಎಲ್ಲೆ ಇವೆಲ್ಲವೂ ಕಡತಗಳಲ್ಲಿ ದಾಖಲಾಗಿವೆ. ಆದರೆ ಇಂಥ ಊರುಗಳ ಗ್ರಾಮಠಾಣದೊಳಗೆ ಹಬ್ಬದ ದಿನ ದೇವರು ಯಾವ ಮನೆಯ ಮುಂದೆ ಮೊದಲು ನಿಲ್ಲತಕ್ಕದ್ದು, ಆರತಿಯ ಮೊದಲ ತಟ್ಟೆ ಯಾರದು, ತಮಟೆ ಬಡಿಯುವವರು ಯಾವ ಗೆರೆಯಿಂದ ಮುಂದೆ ಬಾರರು ಎಂಬ ಕ್ರಮವು ಯಾವ ಖಾತೆಯಲ್ಲಿಯೂ ನಮೂದಾಗಿಲ್ಲ. ಅದಿರುವುದು ಜನರ ನೆನಪಿನಲ್ಲಿ, ನಡೆಯಲ್ಲಿ ಮತ್ತು ಆಗಾಗ ಜಗಳದಲ್ಲಿ.

ಕಡತದ ನೋಟಕ್ಕೂ ಕಂಡ ನೋಟಕ್ಕೂ ಇರುವ ಈ ಅಂತರವನ್ನು ನಮಗೆ ತಿಳಿಯಹೇಳಿದವರು ನಮ್ಮ ನಾಡಿನವರೇ. ಮೈಸೂರಿನಲ್ಲಿ 1916ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡರ ಬಳಿ ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದನ್ನು ರಾಮಪುರವೆಂದು ಕರೆದರು. ಗ್ರಂಥಗಳನ್ನೋದಿ ಚಾತುರ್ವರ್ಣ್ಯದ ಮೆಟ್ಟಿಲುಗಳನ್ನು ಎಣಿಸುತ್ತಿದ್ದ ಪಂಡಿತರಿಗೆ, ಹಳ್ಳಿಯಲ್ಲಿ ಮಾತು ನಡೆಯುವುದು ಜಾತಿಯದು, ಅದರಲ್ಲಿಯೂ ಭೂಮಿ, ಸಂಖ್ಯೆ, ಪ್ರಭಾವಗಳು ಕೂಡಿಬಂದ ಜಾತಿಯದು ಎಂಬುದನ್ನು ಅವರು ಕಂಡು ತೋರಿಸಿ, ಅದನ್ನು ಪ್ರಬಲ ಜಾತಿಯೆಂದು ಕರೆದರು. 1970ರ ಏಪ್ರಿಲಿನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ವರ್ಗೀಕರಿಸಿದ್ದ ಆ ಹಳ್ಳಿಯ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ಗ್ರಂಥವು 1976ರಲ್ಲಿ ಹೊರಬಂದಿತು.

ಶ್ರೀನಿವಾಸರು ವರ್ಣಿಸಿದವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಒಬ್ಬ ಬುಲ್‌ಡೋಜರ್ ಚಾಲಕ. 1952ರಲ್ಲಿ ರಾಮಪುರದ ಜಮೀನನ್ನು ಸಮಮಾಡಲು ಬೆಂಗಳೂರಿನಿಂದ ಬಂದ ಈ ತಮಿಳು ಮಾತನಾಡುವ ಮನುಷ್ಯ ಹಗಲಲ್ಲಿ ಯಂತ್ರ ನಡೆಸುತ್ತ, ಬಿಡುವಿನಲ್ಲಿ ಮಾಟಮಂತ್ರದ ಪ್ರದರ್ಶನ ಮಾಡುತ್ತಿದ್ದ. ಇವೆರಡರ ನಡುವೆ ಅವನಿಗೆ ಲೇಶವೂ ವಿರೋಧ ತೋರಲಿಲ್ಲ. ಯಂತ್ರ ಬಂದೊಡನೆ ಮಂತ್ರ ತೊಲಗುವುದೆಂದು ನಂಬಿದ್ದ ಸಿದ್ಧಾಂತಿಗಳಿಗೆ ಈತನೊಬ್ಬನೇ ಸಾಕಷ್ಟು ಉತ್ತರ. ನಾಗವಾರದ ಟೆಕ್ ಪಾರ್ಕುಗಳಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮವಿಡುವವರು ಅವನನ್ನು ನೋಡಿ ನಗುವ ಹಕ್ಕನ್ನು ಕಳೆದುಕೊಂಡಿದ್ದಾರೆ.

ಬಂಧುತ್ವದ ವಿಷಯಕ್ಕೆ ಬಂದರೆ ತಣಿಸಂದ್ರದ ಸುತ್ತಿನ ಒಂದೇ ಬೀದಿ ಒಂದು ಪಾಠಶಾಲೆ. ಉತ್ತರ ಭಾರತದಿಂದ ಬಂದ ಹಿಂದೂ ಕುಟುಂಬಕ್ಕೆ ಸೋದರಮಾವನ ಮಗಳು ತಂಗಿ. ಆಕೆಯನ್ನು ವರಿಸುವ ಮಾತೇ ಪಾಪ. ಪಕ್ಕದ ಕನ್ನಡ ಕುಟುಂಬದಲ್ಲಿ ಸೋದರಮಾವನ ಮಗಳಿಗೆ ಹುಡುಗ ಹಕ್ಕುದಾರನೇ ಸರಿ, ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳಿಗೂ; ಆದರೆ ಚಿಕ್ಕಪ್ಪನ ಮಗಳು ಮಾತ್ರ ಒಡಹುಟ್ಟಿದವಳಿಗೆ ಸಮಾನ. ಎದುರುಮನೆಯ ಮುಸಲ್ಮಾನರಲ್ಲಿ ಚಿಕ್ಕಪ್ಪನ ಮಗಳನ್ನೂ ಮದುವೆಯಾಗಬಹುದು, ಅಕ್ಕನ ಮಗಳನ್ನು ಮಾತ್ರ ಸರ್ವಥಾ ಕೂಡದು. ಮೂವರಿಗೂ ಉಳಿದಿಬ್ಬರ ನಿಯಮ ಅಸಹ್ಯವಾಗಿ ತೋರುತ್ತದೆ. ಮೂವರೂ ತಮ್ಮದು ನಿಸರ್ಗನಿಯಮವೆಂದು ಪ್ರಮಾಣ ಮಾಡಿಯಾರು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ಉತ್ತರದ ಮತ್ತು ದಕ್ಷಿಣದ ಬಂಧುತ್ವಪದ್ಧತಿಗಳ ಈ ಭೇದವನ್ನು ವಿಶದಪಡಿಸಿದರು. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಹೇಳುವಲ್ಲಿ ಸಂಪ್ರದಾಯವು ಅನುಮತಿಸಿದ್ದರೆ ವಿನಾಯಿತಿ ಇತ್ತಿದೆ. ರಕ್ತಸಂಬಂಧದಲ್ಲಿನ ಮದುವೆಗಳ ಕುರಿತು ವೈದ್ಯರು ಹೇಳುವ ಎಚ್ಚರಿಕೆ ಬೇರೆಯ ಮಾತು, ಅದನ್ನು ಕೇಳಲೇಬೇಕು. ಹೇಸಿಗೆಯನ್ನು ವೈದ್ಯದ ವೇಷದಲ್ಲಿ ತರುವುದು ಮಾತ್ರ ಸಲ್ಲದು.

ಇಷ್ಟಕ್ಕೆ ನಿಂತರೆ ಮಾನವಶಾಸ್ತ್ರವು ಪರರ ವಿಚಿತ್ರಗಳನ್ನು ಸಹಿಸುವ ಸೌಜನ್ಯವಾಗಿಬಿಡುತ್ತದೆ. ಅದರ ಕಣ್ಣು ನಮ್ಮ ಕಡೆಗೂ ತಿರುಗಬೇಕು. ನಮ್ಮ ನಗರಗಳ ಎಷ್ಟೋ ವಸತಿಸಮುಚ್ಚಯಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಅವರು ತೊಳೆದ ಬಟ್ಟಲಿನಲ್ಲಿ ನಾವು ಉಣ್ಣುತ್ತೇವೆ, ಅವರು ಕುಡಿಯುವ ಲೋಟವನ್ನು ಬೇರೆಯಿಡುತ್ತೇವೆ. ಕಾರಣ ಕೇಳಿದರೆ ಶುಚಿತ್ವ ಎನ್ನುತ್ತೇವೆ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದು ಇದನ್ನೇ: ಮೈಲಿಗೆಯ ನಿಯಮಗಳು ಆರೋಗ್ಯದಿಂದ ಹುಟ್ಟಿದವಲ್ಲ, ಲೋಕವನ್ನು ವಿಂಗಡಿಸುವ ವ್ಯವಸ್ಥೆಯಿಂದ ಹುಟ್ಟಿದವು. ತಮಟೆಯವರು ದಾಟದ ಗೆರೆಯನ್ನು ಕಂಡು ಖೇದಪಡುವ ಸಜ್ಜನರು ತಮ್ಮ ಲಿಫ್ಟಿನ ಬಾಗಿಲಲ್ಲಿ ಅದೇ ಗೆರೆಯನ್ನು ಕಾಣದಿರುವುದು ಆಶ್ಚರ್ಯವೇ ಸರಿ. ಒಂದು ಆಚಾರವನ್ನು ಅದರ ಸಂದರ್ಭದಲ್ಲಿಟ್ಟು ಅರ್ಥಮಾಡಿಕೊಳ್ಳುವುದೆಂದರೆ ಅದನ್ನು ಒಪ್ಪುವುದೆಂದಲ್ಲ. ಈ ಎರಡೂ ಗೆರೆಗಳು ಅಳಿಯತಕ್ಕವೇ. ಆದರೆ ಅಳಿಸಹೊರಟವನಿಗೆ ಎರಡೂ ಕಾಣಬೇಕು.

ಕಾಣುವ ಕೆಲಸ ಸುಲಭದ್ದಲ್ಲ. ರಾಮಪುರದ ಮುಖಂಡರ ಆಶ್ರಯದಲ್ಲಿ, ಅವರ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಇಳಿದುಕೊಂಡಿದ್ದ ಶ್ರೀನಿವಾಸರು, ತಾವು ಹಳ್ಳಿಯನ್ನು ಮೇಲುಜಾತಿಯವರ ಕಡೆಯಿಂದಲೇ ಹೆಚ್ಚಾಗಿ ಕಂಡೆವೆಂದು ತಮ್ಮ ಗ್ರಂಥದಲ್ಲಿ ಒಪ್ಪಿಕೊಂಡರು. ಆದುದರಿಂದ ಉತ್ತರ ಬೆಂಗಳೂರಿನ ಕಾಲೇಜುಗಳಿಗೆ ನನ್ನದೊಂದು ಬಿನ್ನಹ. ಸಮಾಜಶಾಸ್ತ್ರದ ವಿದ್ಯಾರ್ಥಿಗಳನ್ನು ದೂರದ ಹಾಡಿಗಳಿಗೆ ಬಸ್ಸಿನಲ್ಲಿ ಕರೆದೊಯ್ಯುವ ಮೊದಲು ತಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿಗಳಲ್ಲಿ ಒಂದು ವರ್ಷ ಓಡಾಡಿಸಿರಿ. ಊರ ಗೌಡರ ಜಗಲಿಯಿಂದಾಗಲಿ ನಿವಾಸಿಗಳ ಸಂಘದ ಅಧ್ಯಕ್ಷರ ಸೋಫಾದಿಂದಾಗಲಿ ಆರಂಭಿಸದೆ, ತಮಟೆಯವರ ಮನೆಯಿಂದಲೂ ಮನೆಗೆಲಸಕ್ಕೆ ಬರುವ ಹೆಂಗಸರ ಬಾಡಿಗೆ ಕೋಣೆಗಳಿಂದಲೂ ಆರಂಭಿಸಿರಿ. ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದುದರ ಒಂದು ಪ್ರತಿ ನಗರಾಡಳಿತದ ವಾರ್ಡು ಕಚೇರಿಯಲ್ಲಿ ಇರಲಿ. ಮುಂದಿನ ಸಲ ರಸ್ತೆ ಅಗಲಮಾಡಲು ಗುರುತು ಹಾಕುವ ಇಂಜಿನಿಯರು ಸರ್ವೆ ನಕ್ಷೆಯ ಜೊತೆಗೆ ಅದನ್ನೂ ಬಿಚ್ಚಿ ನೋಡುವಂತಾಗಲಿ.