ಕಡಲಿಗೆ ಪಹಣಿ ಇಲ್ಲ

ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಮೀನಿನ ವಾಸನೆ ಇದೆ. ಇರಲಿ. ಅದರ ಫೀಜು ಕಟ್ಟಿದ್ದು ಕಾಳಿ ನದಿ ಕಡಲು ಸೇರುವ ಅಳಿವೆಯ ಚೊಣಕ ಮೀನು. ದೊಡ್ಡ ಹೋಟೆಲಿನ ಪಟ್ಟಿಯಲ್ಲಿ ಅದರ ಹೆಸರು ಸೀಬಾಸ್, ಕಲ್ಕತ್ತೆಯಲ್ಲಿ ಭೇಟ್ಕಿ. ಹಾಸ್ಟೆಲಿನಲ್ಲಿ ಮೂಗು ಮುಚ್ಚಿಕೊಂಡು ನನ್ನ ಟ್ರಂಕನ್ನು ವರಾಂಡಕ್ಕೆ ತಳ್ಳಿದವರೇ ಇವತ್ತು ಆ ಹೋಟೆಲಿನಲ್ಲಿ ಚೊಣಕ ಚಪ್ಪರಿಸುತ್ತಾರೆ. ಹಾಗಾದರೆ ಅವತ್ತು ನಾರಿದ್ದು ಏನು ಸ್ವಾಮಿ?

ಅಪ್ಪನ ಕಸುಬು ಹೇಳ್ತೀನಿ ಕೇಳಿ. ಇಬ್ಬರು ಕೂತರೆ ತುಂಬುವ ಪಾತಿ ದೋಣಿ, ಒಂದು ಹುಟ್ಟು, ನೈಲಾನ್ ದಾರ, ಗಾಳ. ಬೆಳಗಿನ ಜಾವ ಉಪ್ಪುನೀರಿನ ಗಜನಿಯಲ್ಲಿ ಸಿಗಡಿ ಹಿಡಿದು, ಬಿದಿರ ಬುಟ್ಟಿಗೆ ಹಾಕಿ, ದೋಣಿಯ ಪಕ್ಕ ನೀರಲ್ಲೇ ಇಳಿಬಿಡಬೇಕು. ಸಿಗಡಿ ಸತ್ತರೆ ಕೆಲಸ ಕೆಟ್ಟಿತು. ಸತ್ತ ಎರೆಗೆ ಚೊಣಕ ಏಳುವುದು ಅಪರೂಪ. ಗಾಳವನ್ನು ಬಾಲದ ಹತ್ತಿರ, ಜೀವ ಹೋಗದ ಹಾಗೆ ಚುಚ್ಚಬೇಕು. ಭರತ ತಿರುಗುವ ಹೊತ್ತಿಗೆ ಬಂಡೆಯ ಮಗ್ಗುಲಲ್ಲಿ ಬಿಟ್ಟು ಕಾಯಬೇಕು. ಚೊಣಕ ಅಲ್ಲೇ ಹೊಂಚು ಹಾಕಿ ನಿಂತಿರುತ್ತದೆ. ಕಚ್ಚಿದರೆ ದಾರ ಅಂಗೈ ಕೊಯ್ಯುತ್ತದೆ, ಮೇಲೆ ಎಳೆದರೆ ಬ್ಲೇಡಿನಂಥ ಕಿವಿರಿನ ಮುಚ್ಚಳ ಬೆರಳು ಕೊಯ್ಯುತ್ತದೆ.

ಒಂದು ಗಾಳಕ್ಕೆ ಒಂದೇ ಮೀನು. ಮೊಳದಷ್ಟಿಲ್ಲದ್ದನ್ನು ಅಪ್ಪ ವಾಪಸು ನೀರಿಗೆ ಬಿಡ್ತಾನೆ. "ಮೊಟ್ಟೆ ಇರೋದೆಲ್ಲ ದೊಡ್ಡದರಲ್ಲೇ ಮಗಾ" ಅಂತಾನೆ. ಬಿ.ಎಸ್ಸಿ.ಯಲ್ಲಿ ನಾನು ಓದಿದ್ದೂ ಅದನ್ನೇ. ಚೊಣಕ ಮೊದಲು ಗಂಡಾಗಿ ಬಲಿಯುತ್ತದೆ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ, ಮೊಟ್ಟೆಯಿಡಲು ಅಳಿವೆಯ ಉಪ್ಪುನೀರಿಗೇ ಬರುತ್ತದೆ. ಇದನ್ನು ಬರೆದದ್ದಕ್ಕೆ ನನಗೆ ಮಾರ್ಕು ಸಿಕ್ಕಿತು. ಅಪ್ಪನಿಗೆ ಸಿಕ್ಕಿದ್ದು ಹೆಬ್ಬೆಟ್ಟು ಅನ್ನುವ ಹೆಸರು.

ಶನಿವಾರ ಕಾರುಗಳು ಬರುತ್ತವೆ. ಸಾವಿರಾರು ರೂಪಾಯಿಯ ಕೋಲು, ರೀಲು. ಅದೇ ಅಳಿವೆ, ಅದೇ ಬಂಡೆ, ಅಪ್ಪನ ಬುಟ್ಟಿಯಿಂದಲೇ ಕೊಂಡ ಸಿಗಡಿ. ಫೋಟೋ ತೆಗೆಸಿಕೊಂಡು ಮೀನು ಬಿಟ್ಟರೆ ಅದು ಕ್ರೀಡೆ, ಪರಿಸರಪ್ರೇಮ. ಅಪ್ಪ ಹಿಡಿದು ಮಾರಿದರೆ ಹಿಂದುಳಿದ ಕಸುಬು. ಮೀನು ಬಿಡುವವನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನಪ್ಪನಿಗೆ ಕಡಲು ಉಳಿಸುವ ಪಾಠ ಹೇಳೋದು ಬ್ಯಾಡ, ಅಷ್ಟೆ.

ಕಡಲು ಬರಿದು ಮಾಡಿದ್ದು ಗಾಳವೋ? 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂತು. ಕೇರಿಗೆ ಕೇರಿಯೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. 1986ರಲ್ಲಿ ರಾಜ್ಯ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಮಾಡಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಬೆಳಕು ಹಾಕಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆದೇಶ ದಡದಲ್ಲಿ ಉಳಿಯಿತು, ದೀಪ ಕಡಲಲ್ಲಿ ಉರಿಯಿತು. ಟ್ರಾಲ್ ಬಲೆ ಬಾಚಿದ ಮರಿಮೀನು ಫಿಶ್‌ಮೀಲ್ ಕಾರ್ಖಾನೆಯಲ್ಲಿ ಪುಡಿಯಾಗುತ್ತದೆ. ಚೊಣಕದ ಅನ್ನ ಅದು, ನಮ್ಮ ಎರೆಯೂ ಅದೇ.

ಸಹಾಯಧನದ ಲೆಕ್ಕ ನೋಡಿ. ಯಾಂತ್ರಿಕ ಬೋಟಿಗೆ ತೆರಿಗೆ ಬಿಟ್ಟ ಡೀಸೆಲ್. ಮೋಟಾರು ಹಚ್ಚಿದ ನಾಡದೋಣಿಗೆ ಸೀಮೆಎಣ್ಣೆ. ಹುಟ್ಟು ಹಾಕುವ ಕೈಗೆ ಏನು? ಎಂಜಿನ್ ದೊಡ್ಡದಾದಷ್ಟೂ ಸರ್ಕಾರದ ಕರುಣೆ ದೊಡ್ಡದು.

ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದೂ 1986ರಲ್ಲೇ. ಒಕ್ಕಲುಗಳೂ ಮೀನುಗಾರರ ಕೇರಿಗಳೂ ಎದ್ದವು. ಹೊಲ ಕಳಕೊಂಡವನು ಪಹಣಿ ಹಿಡಿದು ಕೋರ್ಟಿಗೆ ಹೋದ, ವರ್ಷಗಟ್ಟಲೆ ಅಲೆದ. ಬಂಡೆಯ ಮಗ್ಗುಲು ಕಳಕೊಂಡ ಗಾಳದವನು ಏನು ಹಿಡಿದು ಹೋಗಬೇಕು? ಕಡಲಿಗೆ ಪಹಣಿ ಇಲ್ಲ. ಪಹಣಿ ಇಲ್ಲದ ಕಡೆ ಎಂಜಿನ್ನೇ ಪಟ್ಟೇದಾರ.

ಗೆಳೆಯರೇ, ನಿಮ್ಮನ್ನೂ ಕೇಳಬೇಕು. 1974ರ ಭೂಸುಧಾರಣೆ ಉಳುವವನಿಗೆ ಹೊಲ ಅಂದಿತು. ಅದೂ ಎಲ್ಲರಿಗೂ ಸಿಗಲಿಲ್ಲ, ಆದರೂ ಆ ಮಾತಿಗೆ ಒಂದು ಕಾನೂನಾಯಿತು. ಹುಟ್ಟು ಹಾಕುವವನಿಗೆ ನೀರು ಅನ್ನುವ ಮಾತು ನಮ್ಮ ಯಾವ ಮೆರವಣಿಗೆಯಲ್ಲಿ ಕೇಳಿತು? ನಾನೂ ತಪ್ಪಿತಸ್ಥ. ನೇಗಿಲು ಮುಟ್ಟಿ ಗೊತ್ತಿಲ್ಲದ ನಾನು ನೇಗಿಲಿನ ಮೇಲೆ ಪದ್ಯ ಬರೆದು ಚಪ್ಪಾಳೆ ತಗೊಂಡೆ. ಅಪ್ಪನ ಗಾಳ ಮನೆಯ ಸೂರಿನಲ್ಲೇ ತೂಗುತ್ತಿತ್ತು.

ಕೇಳುವುದು ಹೆಚ್ಚೇನಿಲ್ಲ. ಮರಿಮೀನು ಬೆಳೆಯುವ ಅಳಿವೆಗೆ ಎಂಜಿನ್ ಬಲೆ ಬರಕೂಡದು. 2017ರ ನಿಷೇಧ ಕಡಲಲ್ಲಿ ಜಾರಿಯಾಗಲಿ. ಗಾಳದವನು ತಲೆಮಾರಿನಿಂದ ಹೋಗುವ ನೀರು ಅವನದೆಂದು ಕಾನೂನಿನಲ್ಲಿ ಬರೆಯಲಿ. ಮೇಷ್ಟ್ರೇ, ನಿಮ್ಮ ಶಾಲೆಗೆ ಬರುವ ಮಗುವಿನ ಚೀಲ ಮೀನು ನಾರಿದರೆ ಅದನ್ನು ಮೊದಲ ಬೆಂಚಿನಲ್ಲಿ ಕೂರಿಸಿ. ಭರತ ಯಾವಾಗ ತಿರುಗುತ್ತದೆ ಅಂತ ಕೇಳಿ.

ಚುನಾವಣೆ ಬಂದಾಗ ನಮ್ಮ ಕೇರಿಗೂ ಎರೆ ಬರುತ್ತದೆ. ಸತ್ತ ಎರೆ ಯಾವುದು ಅಂತ ಚೊಣಕಕ್ಕೇ ಗೊತ್ತಾಗುತ್ತೆ. ನಮಗೆ ಗೊತ್ತಾಗಲ್ಲವಾ?