ಅಲ್ಲಾಡಿಸಿ ನೋಡದೆ ಮೂಟೆ ಕಟ್ಟಬೇಡಿ

"ಟೇಪಾ? ಇನ್ನೂ ಇದ್ಯಾ ಅದು?" ಅಂತ ನಗೋರಿಗೆ 2011ರ ಫೆಬ್ರವರಿ ನೆನಪಿಸ್ತೀನಿ. ಒಂದು ಸಾಫ್ಟ್‌ವೇರ್ ದೋಷದಿಂದ ಶೇ. 0.02ರಷ್ಟು ಜಿಮೇಲ್ ಬಳಕೆದಾರರ ಮೇಲ್‌ಬಾಕ್ಸ್ ಖಾಲಿಯಾಯ್ತು. ಬೇರೆ ಬೇರೆ ಡೇಟಾಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಟ್ಟಿತ್ತು. ಗೂಗಲ್‌ನ ಮಾನ ಉಳಿಸಿದ್ದು ಆಫ್‌ಲೈನ್ ಇದ್ದ ಟೇಪು.

ಆದ್ರೆ ನನ್ನ ಜಗಳ ಇರೋದು ಟೇಪ್ ಇಟ್ಕೊಂಡು ಮರೆತವರ ಜೊತೆ. ರಾತ್ರಿ ಬ್ಯಾಕಪ್ ಓಡುತ್ತೆ, ಬೆಳಿಗ್ಗೆ ಹಸಿರು ಟಿಕ್ ಬರುತ್ತೆ, ಮ್ಯಾನೇಜರ್ ಖುಷಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಮೂರು ವರ್ಷ ಯಾರೂ ಒಂದು ಫೈಲನ್ನೂ ವಾಪಸ್ ತೆಗೆದು ನೋಡಿರಲಿಲ್ಲ. ಬೇಕಾದ ದಿನ ಟೇಪ್ ಓದಲಿಲ್ಲ.

ನಮ್ಮ ಅತ್ತಿಗುಂಡಿಯಲ್ಲಿ ಮಳೆಗಾಲ ಬಂದ್ರೆ ಗೋಡೆ, ಬಟ್ಟೆ, ಚಪ್ಪಲಿ ಎಲ್ಲದಕ್ಕೂ ಬೂಷ್ಟು. ಅಣ್ಣನ ಮದುವೆ ಕ್ಯಾಸೆಟ್ಟನ್ನೂ ಅದು ಬಿಡಲಿಲ್ಲ. ಆಫೀಸಿನ ಟೇಪೂ ಅದೇ ಜಾತಿ. ಕಾಂತೀಯ ಪದರವನ್ನು ಹಿಡಿದಿಟ್ಟಿರೋ ಅಂಟು ತೇವ ಹೀರಿದ್ರೆ ಕೆಡುತ್ತೆ. ಬಹುಕಾಲ ಇಡೋ ಎಲ್‌ಟಿಒ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್, ಶೇ. 20ರಿಂದ 50 ತೇವಾಂಶ ಬೇಕು. ಹೊರಗಿಂದ ತಂದ ಟೇಪು ಡ್ರೈವ್ ಇರೋ ಕೋಣೆಗೆ ಒಂದು ದಿನ ಹೊಂದಿಕೊಳ್ಳಲಿ. ಕೆಳಗೆ ಬಿದ್ದ ಟೇಪನ್ನು ಪರೀಕ್ಷಿಸದೆ ಹಾಕ್ಬೇಡಿ. ಒಳಗಿನ ಪಿನ್ ಜರುಗಿದ್ರೆ ಡ್ರೈವೂ ಹಾಳು.

ಎರರ್ ಬಂದ ಕೂಡಲೇ ಕ್ಲೀನಿಂಗ್ ಟೇಪ್ ತುರುಕೋದು ಇನ್ನೊಂದು ರೋಗ. ಅದು ಹೆಡ್ಡನ್ನು ಸವೆಸುತ್ತೆ. ಡ್ರೈವ್ ಕೇಳಿದಾಗ ಮಾತ್ರ ಹಾಕಿ. ಮೊದಲು ಅನುಮಾನದ ಟೇಪನ್ನು ಬೇರೆ ಡ್ರೈವಲ್ಲಿ ಓದಿಸಿ. ಅನುಮಾನದ ಡ್ರೈವಿಗೆ ಡೇಟಾ ಇಲ್ಲದ ಟೇಪ್ ಹಾಕಿ. ಎರರ್ ಯಾವುದರ ಬೆನ್ನು ಹತ್ತುತ್ತೋ ತಪ್ಪು ಅದರದ್ದು. ಹೊಸ ಡ್ರೈವ್ ಬಂತು ಅಂತ ಹಳೇದನ್ನು ಗುಜರಿಗೆ ಹಾಕೋ ಮುಂಚೆಯೂ ಯೋಚಿಸಿ: ಎಲ್‌ಟಿಒ-8 ಡ್ರೈವ್ ಎಲ್‌ಟಿಒ-6 ಟೇಪನ್ನು ಓದಲ್ಲ.

"ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅಂತೀರಾ? ನಮ್ಮೂರಲ್ಲಿ ಕಾಫಿ ಚೆರ್ರಿ ಒಣಗಿತಾ ಅಂತ ಬರೀ ಬಿಸಿಲು ಬಿದ್ದ ದಿನ ಎಣಿಸಿ ಮೂಟೆ ಕಟ್ಟಲ್ಲ. ಕಣದಿಂದ ಒಂದು ಮುಷ್ಟಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸ್ತಾರೆ. ಗಲಗಲ ಅಂದ್ರೆ ಮಾತ್ರ ಮೂಟೆ. ಅರ್ಧ ನಿಮಿಷದ ಕೆಲಸ. ಮಾಡದಿದ್ರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹೋಯ್ತು.

ಟೇಪಿನ ಮುಷ್ಟಿ ಪರೀಕ್ಷೆಗೆ ರಿಸ್ಟೋರ್ ಅಂತ ಹೆಸರು. ತಿಂಗಳಿಗೊಮ್ಮೆ ಯಾವುದಾದ್ರೂ ಒಂದು ಟೇಪು ತೆಗೆದು, ಬರೆದದ್ದಲ್ಲದ ಬೇರೆ ಡ್ರೈವಲ್ಲಿ ಹಾಕಿ, ಫೈಲ್ ತೆರೆದು ನೋಡಿ. ಅಲ್ಲೀತನಕ ಆ ಹಸಿರು ಟಿಕ್ಕನ್ನು ಬ್ಯಾಕಪ್ ಅಂತ ಕರೀಬೇಡಿ.